ನೀರುಗಿರಣಿಯ ಕರೆಗೆ ಓಗೊಡದ ರತ್ನಾವತಿ

ಬೆಳಗಿನ ಐದು ಗಂಟೆ. ಟಾಲಿಗಂಜ್‌ನ ನಾಲೆಯಲ್ಲಿ ಉಬ್ಬರ ಏರುತ್ತಿದೆ. ಹಳೆಯ ನೀರುಗಿರಣಿಯ ಇಪ್ಪತ್ಮೂರು ಮೆಟ್ಟಿಲು ಇಳಿದು ಬಂದ ರತ್ನಾವತಿ, ನೀರಿನ ಚಕ್ರ ತಿರುಗದಂತೆ ಬಿಗಿದ ಸರಪಳಿಯನ್ನು ಎಳೆದು ನೋಡುತ್ತಾರೆ. ಅಲುಗುವುದಿಲ್ಲ. ಆದರೂ ಮೇಲೆ, ಊಟದ ಹಾಲ್‌ನಲ್ಲಿ ಗಾಜಿನಡಿ ಅಲಂಕಾರಕ್ಕೆಂದು ಇಟ್ಟ ಬೀಸುವ ಕಲ್ಲು ಗರಗರ ಎನ್ನುತ್ತಿದೆ.

"ನೀರು ಏರಿದಾಗ ಹಾಗೇ. ಇಳಿದ ಮೇಲೆ ಸುಮ್ಮನಾಗ್ತದೆ," ಎನ್ನುತ್ತಾ ಅವರು ಪೊರಕೆ ಎತ್ತಿಕೊಳ್ಳುತ್ತಾರೆ.

ಒಂದು ಕಾಲದಲ್ಲಿ ಉಬ್ಬರದ ಬಲದಿಂದ ಗೋಧಿ ಬೀಸುತ್ತಿದ್ದ ಈ ಕಟ್ಟಡ ಈಗ ಹನ್ನೊಂದು ಕೋಣೆಗಳ ಅತಿಥಿಗೃಹ. ಮಾಲೀಕರು ಉಡುಪಿಯ ಶ್ರೀವತ್ಸ ಭಟ್ಟರು. ಕುಂದಾಪುರ ಕಡೆಯ ರತ್ನಾವತಿಗೆ ಐವತ್ತೆಂಟು ವರ್ಷ. ಗಂಡನ ಜೊತೆ ಈ ಬಂಗಾಳಿ ನಗರಕ್ಕೆ ಬಂದು ಅಲಿಪುರದ ಕೋರ್ಟಿನ ಹತ್ತಿರ ಇಡ್ಲಿ ಮಾರುತ್ತಿದ್ದವರು, ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಕೆಲಸಕ್ಕೆ ಬಂದರು. ದಿನಾ ಹನ್ನೊಂದು ಹಾಸಿಗೆ ಕೊಡವಬೇಕು, ಈ ಮೆಟ್ಟಿಲು ನಾಲ್ಕು ಸಲ ಹತ್ತಿಳಿಯಬೇಕು. ಮಂಡಿ ಸವೆದಿದೆ.

ಕಳೆದ ಮಳೆಗಾಲದ ಒಂದು ಮುಂಜಾನೆ ಚಕ್ರದ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ತಂಗಿದ್ದ ಪೂರ್ವಿ, ಇದೇ ನಗರದ ಜೋಕಾದ ಕಾಲೇಜಿನಲ್ಲಿ ಪಾಠ ಹೇಳುವ ಮೈಸೂರಿನ ಹೆಣ್ಣುಮಗಳು, ಮೆಟ್ಟಿಲ ಬುಡದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದರು. "ಬಂದೆ ಅಮ್ಮಾ," ಎಂದು ಇನ್ನೊಂದು ಹೆಜ್ಜೆ ಇಟ್ಟರು. ರತ್ನಾವತಿ ಜಡೆ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ಮೆಟ್ಟಿಲ ಮೇಲೆ ಬಿದ್ದರು.

"ಅಮ್ಮ ಕರೆದ್ರು ಆಂಟಿ. ಅಮ್ಮ ಹೋಗಿ ಎರಡು ವರ್ಷ ಆಯ್ತು," ಪೂರ್ವಿಯ ಹಲ್ಲು ಕಟಕಟಿಸುತ್ತಿತ್ತು.

"ಗೊತ್ತುಂಟು. ನೀವು ಓ ಅನ್ಬೇಡಿ."

ಭಟ್ಟರು ನಂಬಲಿಲ್ಲ. "ನಿದ್ದೆಗಣ್ಣಲ್ಲಿ ನಡೆದಿರ್ಬೇಕು ರತ್ನಕ್ಕ. ಚಕ್ರ ಕಾಣುವ ಕೋಣೆ ಅಂತಲೇ ಜನ ಬರುದು."

"ಹಾಗಾದ್ರೆ ನಾನು ಹೊರಟೆ ಭಟ್ರೇ. ಇನ್ನೊಬ್ಬರನ್ನು ಎಳೀಲಿಕ್ಕೆ ನನ್ನ ಕೈಲಾಗುದಿಲ್ಲ." ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು ನಡೆದರು. ಗೇಟು ದಾಟುವ ಮೊದಲೇ ಭಟ್ಟರು ಹಿಂದೆ ಬಂದು, ಆ ಕೋಣೆಯನ್ನು ಇನ್ನು ಬಾಡಿಗೆಗೆ ಕೊಡುವುದಿಲ್ಲ ಎಂದರು. ಈಗ ಅಲ್ಲಿ ರತ್ನಾವತಿಯೇ ಮಲಗುತ್ತಾರೆ. ಆಮೇಲೆ ಅತಿಥಿಗಳಲ್ಲಿ ಒಬ್ಬರೂ ನೀರಿಗಿಳಿದಿಲ್ಲ.

ನೀರು ನಿಮ್ಮನ್ನು ಕರೆಯುವುದಿಲ್ಲವೇ ಎಂದು ನಾವು ಕೇಳಿದರೆ ಪೊರಕೆ ನಿಲ್ಲುತ್ತದೆ.

"ಕರೀತದೆ. ನಮ್ಮವರ ಸ್ವರ. ರತ್ನಾ ಅಂತ, ಮೆಲ್ಲ."

"ಹೋಗಬೇಕು ಅನ್ನಿಸಲ್ವಾ?"

ನೀರಿನ ಕಡೆ ನೋಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. "ಅನ್ನಿಸ್ತದೆ. ಎದ್ದು ಕೂತ್ಕೊಳ್ತೇನೆ. ಆದ್ರೆ ಮೇಲೆ ಮಲಗಿದವರಿಗೆಲ್ಲ ಕಾಫಿ ಆಗ್ಬೇಕಲ್ಲ."