ನೂರ ನಾಲ್ಕರ ಅಜ್ಜಿ, ಇನ್ನೂರ ಹನ್ನೆರಡು ಕಂಪ್ಯೂಟರು

ಬೆಳಗ್ಗೆ ಐದೂ ಹತ್ತು. ಆಸ್ಪತ್ರೆಯ ನೆಲ ಒರೆಸಿದ ನೀರು ಇನ್ನೂ ಆರಿಲ್ಲ, ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲೆತ್ತಿಕೊಂಡು ಮಲಗಿವೆ. ನೋಂದಣಿ ಕೌಂಟರ್ ಮೂರರಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ನೂರ ನಾಲ್ಕು ವರ್ಷದ ಅಜ್ಜಿಯೊಬ್ಬರನ್ನ ದಾಖಲು ಮಾಡ್ಕೊಳ್ತಿದಾರೆ. ಮಜಾ ಏನಂದ್ರೆ, ಕೌಂಟರಿನ ಆಚೆ ಯಾರೂ ಇಲ್ಲ.

"ಬಾರಜ್ಜಿ, ಇವತ್ತೇನು ತೊಂದರೆ?" ಅಂತ ತಾವೇ ಕೇಳ್ತಾರೆ. "ಮಾಮೂಲಿ ಕಣಮ್ಮ" ಅಂತ ತಾವೇ ಉತ್ತರನೂ ಹೇಳ್ತಾರೆ. ಕೀಲಿ ಒತ್ತಿದ್ದೇ ತಡ, ಪ್ರಿಂಟರು ಕರ್ ಅಂತ ಒಂದು ಅಂಟುಚೀಟಿ ಉಗುಳುತ್ತೆ. ಎರಡು ಬೆರಳಗಲದ ಚೀಟಿ, ಅದರಲ್ಲಿ ಐದು ಸಾಲು: ಹೆಸರು, ವಯಸ್ಸು, ರಕ್ತದ ಗುಂಪು, ವಾರ್ಡು, ಕೊನೇಲಿ ಆ ಮನುಷ್ಯನಿಗೆ ಆಗದ ಔಷಧಿ. ಐದೂ ಬಂದಿವೆಯಾ ಅಂತ ಬೆರಳಿಟ್ಟು ಎಣಿಸಿ, ಚೀಟಿಯನ್ನ ತಮ್ಮ ನೋಟ್‌ಬುಕ್ಕಿಗೆ ಅಂಟಿಸಿ, "ಹೋಗಿ ಬಾ" ಅಂತಾರೆ. ಮುಂದಿನ ಕಂಪ್ಯೂಟರು. ಮತ್ತೆ ಅದೇ ಅಜ್ಜಿ.

ಇವರೇ ಪ್ಯಾಚಮ್ಮ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಆದ್ರೆ ನಾಲ್ಕು ಮಹಡಿಯಲ್ಲಿ ಆ ಹೆಸರು ಹಿಡಿದು ಕೇಳಿದ್ರೆ ಯಾರೂ ದಾರಿ ತೋರಿಸಲ್ಲ. ಆಸ್ಪತ್ರೆಯ ಇನ್ನೂರ ಹನ್ನೆರಡು ಕಂಪ್ಯೂಟರುಗಳ ಒಳಗೆ ಓಡೋ ಮೂಲ ಸಾಫ್ಟ್‌ವೇರ್ ಇದೆಯಲ್ಲ, ಆಪರೇಟಿಂಗ್ ಸಿಸ್ಟಂ, ಅದರ ಯೋಗಕ್ಷೇಮ ಪೂರ್ತಿ ಇವರದ್ದು. ತಯಾರಿಸಿದ ಕಂಪನಿಯವರು ತಿಂಗಳಿಗೊಮ್ಮೆ ಅದರ ತೂತುಗಳಿಗೆ ತೇಪೆ ಕಳಿಸ್ತಾರೆ, ಅದೇ ಪ್ಯಾಚು. ಹಾಕದೆ ಬಿಟ್ರೆ ವೈರಸ್ಸು ನುಗ್ಗುತ್ತೆ. ಹಾಕಿದ್ರೆ ಕೆಲವು ಸಲ ಚೆನ್ನಾಗಿದ್ದದ್ದೇ ಕೆಟ್ಟು ಕೂರುತ್ತೆ. ಈ ಎರಡರ ಮಧ್ಯೆ ಹನ್ನೊಂದು ವರ್ಷದಿಂದ ಪ್ಯಾಚಮ್ಮ ಓಡಾಡ್ತಿದಾರೆ. ಓಡಾಟ ಅಂದ್ರೆ ನಿಜವಾದ ಓಡಾಟ, ವರ್ಷಕ್ಕೆ ಎರಡು ಜೊತೆ ಚಪ್ಪಲಿ ಸವೆಯುತ್ತೆ!

ಮೊದಲು ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ರು. ಹಳೇ ಬೋರ್ಡು ಕಿತ್ತಾಗ, "ಯಂತ್ರದ ಮುಂದೆ ಕೂತು ಅಭ್ಯಾಸ ಇದೆಯಲ್ಲ" ಅಂತ ಕಂಪ್ಯೂಟರ್ ವಿಭಾಗಕ್ಕೆ ಹಾಕಿದ್ರು. "ಆಗ ಮೌಸ್ ಹಿಡಿಯೋಕೂ ಬರ್ತಿರ್ಲಿಲ್ಲ, ಮೇಜಿಂದ ಕೆಳಗೆ ಹೋಗ್ತಿತ್ತು ನನ್ನ ಕೈ," ಅಂತ ನಗ್ತಾರೆ. ಮೂರು ವರ್ಷ ಸಂಜೆ ತರಗತಿಗೆ ಹೋಗಿ ಕಲಿತ್ರು. ಈಗ ಇನ್ನೂರ ಹನ್ನೆರಡರ ಗುಣ ಒಂದೊಂದಾಗಿ ಗೊತ್ತು. ಎರಡನೇ ಮಹಡಿಯ ಎಕ್ಸ್‌ರೇ ಕೋಣೆಯದ್ದು 'ಗೊರಕೆ', ಅದರ ಫ್ಯಾನಿನ ಸದ್ದಿಗೆ. ಮಕ್ಕಳ ವಾರ್ಡಿನದ್ದು 'ಸೋಮಾರಿ', ಎದ್ದೇಳೋಕೆ ಏಳು ನಿಮಿಷ ಬೇಕು. "ಬೈದ್ರೆ ಇನ್ನೂ ನಿಧಾನ ಮಾಡುತ್ತೆ. ನಮ್ಮ ಯಜಮಾನರ ಥರ," ಅಂತಾರೆ. ಯಜಮಾನರು ಬಸ್ ಡ್ರೈವರು, ಅವರದ್ದೂ ಮೊದಲ ಪಾಳಿ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕತ್ತಲಲ್ಲೇ ಚಪ್ಪಲಿ ತಡಕಾಡೋರು.

ಸರಿ, ಈ ಅಜ್ಜಿ ಯಾರು?

ಅದನ್ನ ಹೇಳುವಾಗ ಮಾತ್ರ ಪ್ಯಾಚಮ್ಮನ ನಗು ನಿಲ್ಲುತ್ತೆ. ಆಗಿನ್ನೂ ಕೆಲಸ ಹೊಸದು. ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಪ್ಯಾಚ್ ಕಳಿಸಿಬಿಟ್ರು. ಎಲ್ಲವೂ ಎದ್ದವು, ಪರದೆ ಬೆಳಗ್ತು, ಇವರು ಖುಷಿಯಾಗಿ ಡಬ್ಬಿ ಬಿಚ್ಚಿದ್ರು. ಆದ್ರೆ ರಕ್ತ ತೆಗೆಯೋ ಕೋಣೆಯಲ್ಲಿ ಚೀಟಿಯ ಹೆಸರಿನ ಸಾಲಿನ ಮೇಲೇ ವಯಸ್ಸಿನ ಸಾಲು ಅಚ್ಚಾಗಿ ಕೂತಿತ್ತು. ಗಡಿಬಿಡಿಯಲ್ಲಿ ಯಾರೂ ನೋಡ್ಲಿಲ್ಲ. ಲ್ಯಾಬಿನವರು ಕೂಗಿಕೊಳ್ಳೋ ಹೊತ್ತಿಗೆ ಅರವತ್ತಮೂರು ಸೀಸೆ ರಕ್ತ, ಒಂದಕ್ಕೂ ಯಾರದ್ದು ಅಂತ ಗೊತ್ತಿಲ್ಲ.

ಅರವತ್ತಮೂರು ಜನಕ್ಕೂ ಮತ್ತೆ ಸೂಜಿ. ಪ್ಯಾಚಮ್ಮ ಅಲ್ಲೇ ಬಾಗಿಲ ಹತ್ರ ನಿಂತಿದ್ರು. "ಒಬ್ಬ ಅಜ್ಜಿ. ಕೈ ಅಂದ್ರೆ ಬರೀ ಕಡ್ಡಿ. ನರ್ಸು ಮೂರು ಸಲ ಚುಚ್ಚಿದ ಮೇಲೆ ನರ ಸಿಕ್ತು. ಆ ಹುಡುಗಿ ಅಳೋ ಹಾಗಾದ್ಲು. ಅಜ್ಜಿನೇ ಅವಳ ಬೆನ್ನು ಸವರಿ, 'ಇರ್ಲಿ ಬಿಡು ಮಗಳೇ, ನಿಂದೇನಿದೆ ತಪ್ಪು' ಅಂದ್ರು. ಅವಳದ್ದಲ್ಲ, ಸರಿ. ಯಾರದ್ದು ಅಂತ ನನಗೆ ಗೊತ್ತಿತ್ತಲ್ಲ."

ಮಾರನೇ ದಿನವೇ ಪ್ಯಾಚಮ್ಮ ಕಂಪ್ಯೂಟರಿನಲ್ಲಿ ಒಬ್ಬ ಅಜ್ಜಿಯನ್ನ ಹುಟ್ಟಿಸಿದ್ರು. ಬೇಕು ಬೇಕು ಅಂತಲೇ ಇರೋ ಕಷ್ಟವನ್ನೆಲ್ಲ ಆ ಅಜ್ಜಿ ತಲೆ ಮೇಲೆ ಹೊರಿಸಿದ್ರು. ಚೀಟಿಯಲ್ಲಿ ಹಿಡಿಸೋಕೇ ಒದ್ದಾಡೋ ಮೂವತ್ತೆಂಟು ಅಕ್ಷರದ ಹೆಸರು. ಮೂರಂಕಿ ವಯಸ್ಸು. ಅಪರೂಪದ ರಕ್ತ. ಪೆನಿಸಿಲಿನ್ ಆಗಲ್ಲ. ಹೊಸ ಪ್ಯಾಚ್ ಬಂದ್ರೆ ಮೊದಲು ಇವರ ಸ್ವಂತ ಕಂಪ್ಯೂಟರಿಗೆ, ಎರಡು ದಿನ ಬಿಟ್ಟು ಮೂರು ಮೊಂಡು ಕಂಪ್ಯೂಟರಿಗೆ, ಆಮೇಲೆ ದಿನಕ್ಕೊಂದು ಮಹಡಿ. ತಮ್ಮ ಕೋಣೆಯಿಂದ ಮಹಡಿಗೆಲ್ಲ ಪ್ಯಾಚ್ ಕಳಿಸಿ, ರೋಗಿಗಳು ಬರೋಕೆ ಮುಂಚೆ ನಡೆದು ಹೋಗಿ ಪ್ರತಿಯೊಂದರಲ್ಲೂ ಅಜ್ಜಿಯ ಚೀಟಿ ತೆಗೀತಾರೆ. ಅಜ್ಜಿಯ ಐದು ಸಾಲು ನೆಟ್ಟಗೆ ಬಂದ್ರೆ ಊರಿನವರೆಲ್ಲರದ್ದೂ ಬರುತ್ತೆ. ಪ್ರತಿ ಜನವರಿಯಲ್ಲಿ ಹುಟ್ಟಿದ ವರ್ಷ ಒಂದು ಮುಂದಕ್ಕೆ ತಳ್ತಾರೆ, ಹಾಗಾಗಿ ಅಜ್ಜಿಗೆ ನೂರ ನಾಲ್ಕು ದಾಟಿಲ್ಲ. ಪುಣ್ಯವಂತೆ!

ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದಾರೆ. ಅವರಿಗೆ ಈ ಅಜ್ಜಿಯ ಮೇಲೆ ಹೊಟ್ಟೆಕಿಚ್ಚು. "ನನ್ನ ಮಂಡಿನೋವು ಹೇಗಿದೆ ಅಂತ ಕೇಳೋಕೆ ಪುರಸೊತ್ತಿಲ್ಲ ನನ್ನ ಸೊಸೆಗೆ. ಆ ಇಲ್ಲದ ಮುದುಕಿ ಸೇವೆಗೆ ಕೋಳಿ ಕೂಗೋಕೆ ಮುಂಚೆ ಹೊರಡ್ತಾಳೆ ನೋಡಿ," ಅಂತಾರೆ. ಆದ್ರೆ ಸಂಜೆ ಸೊಸೆ ಚಪ್ಪಲಿ ಬಿಡೋ ಮೊದಲೇ ಅವರ ಪ್ರಶ್ನೆ: "ಹೇಗಿದಾಳೆ ಇವತ್ತು ನನ್ನ ಸವತಿ?"

ಇಷ್ಟೆಲ್ಲ ಚೆನ್ನಾಗಿ ನಡೀತಿದ್ದದ್ದಕ್ಕೆ ಕಲ್ಲು ಬಿದ್ದದ್ದು ಹೂಗುಚ್ಛದಿಂದ. ಆಡಳಿತಾಧಿಕಾರಿ ಹೊಸಬರು, ಚುರುಕಿನ ಮನುಷ್ಯ. ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ, ಅತಿ ಹೆಚ್ಚು ಸಲ ಬಂದ ರೋಗಿಗೆ ಹೂವು ಕೊಟ್ಟು ಫೋಟೊ ತೆಗೆಸೋಣ ಅಂತ ಯೋಚನೆ ಮಾಡಿದ್ರು. ಪಟ್ಟಿ ತೆಗೆಸಿದ್ರೆ ಮೊದಲ ಸ್ಥಾನದಲ್ಲಿ ನೂರ ನಾಲ್ಕರ ಅಜ್ಜಿ. ಎರಡನೆಯವರು ಹತ್ತಿರಕ್ಕೂ ಇಲ್ಲ! ಸಾಹೇಬರು ಗುಲಾಬಿ ಹಿಡ್ಕೊಂಡು, ಫೋಟೊಗ್ರಾಫರನ್ನ ಕಟ್ಕೊಂಡು ನಾಲ್ಕು ವಾರ್ಡು ಸುತ್ತಿದ್ರು. ಕೊನೆಗೆ ಔಷಧಿ ಕೌಂಟರಿನ ಹಿರಿಯರು, ಪ್ಯಾಚಮ್ಮನ ಹಳೇ ದೋಸ್ತು, ತುಟಿ ಕಚ್ಕೊಂಡು ಹೇಳಿದ್ರಂತೆ: "ಸರ್, ಅವರು ಹೂವು ತಗೊಳ್ಳಲ್ಲ. ಅವರಿಗೆ ಕೈ ಇಲ್ಲ. ಕಾಲೂ ಇಲ್ಲ. ಅವರೇ ಇಲ್ಲ."

ಮಾರನೇ ದಿನ ಎರಡು ಸಾಲಿನ ಆದೇಶ ಬಂತು. ಸುಳ್ಳು ರೋಗಿಯ ದಾಖಲೆ ಈ ತಿಂಗಳೊಳಗೆ ಅಳಿಸಬೇಕು. ಮುಂದಿನ ತಿಂಗಳಿಂದ ಪ್ಯಾಚ್ ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ, ತಾನಾಗೇ ಹೋಗಬೇಕು.

"ಅವರದ್ದು ತಪ್ಪು ಅನ್ನೋಕಾಗಲ್ಲ. ವರದಿಯಲ್ಲಿ ಇಲ್ಲದವರು ಇದ್ರೆ ಯಾರಿಗಾದ್ರೂ ಕಿರಿಕಿರಿನೇ," ಅಂತಾರೆ ಪ್ಯಾಚಮ್ಮ. "ಆದ್ರೆ ಆ ಕಾಗದ ಓದಿ ಎರಡು ದಿನ ಅನ್ನ ಸೇರ್ಲಿಲ್ಲ. ನನ್ನ ಕೆಲಸ ಹೋಗುತ್ತೆ ಅಂತಲ್ಲ. ಆ ಅರವತ್ತಮೂರು ಜನ ಮತ್ತೆ ಸಾಲಾಗಿ ನಿಂತ ಹಾಗೆ ಕಣ್ಣಿಗೆ ಕಟ್ತಿತ್ತು."

ಹಾಗಾಗಿ ಈ ಗುರುವಾರ ಶುರುವಾಗಿರೋದು ಅಜ್ಜಿಯ ಕೊನೇ ಸುತ್ತು. ಪ್ಯಾಚ್ ಕಳಿಸಿರೋದು ನೆಲಮಹಡಿಗೆ. ನೋಂದಣಿ ಕೌಂಟರು ಸರಿ. ವೈದ್ಯರ ಕೋಣೆಗಳು ಸರಿ. ಆರೂ ಇಪ್ಪತ್ತಕ್ಕೆ ಔಷಧಿ ಕೌಂಟರು. ಹಿರಿಯರು ಆಗಲೇ ಬಂದು ಪೆಟ್ಟಿಗೆ ಬಿಚ್ತಿದಾರೆ.

"ಏನ್ ಪ್ಯಾಚಮ್ಮ, ಅಜ್ಜಿಗೆ ಕೊನೇ ಡೋಸಾ?"

"ಸುಮ್ನಿರಿ ಸ್ವಲ್ಪ," ಅಂತಾರೆ ಪ್ಯಾಚಮ್ಮ. ಚೀಟಿ ಬಂದಿದೆ. ಬೆರಳು ಸಾಲಿನ ಮೇಲೆ ಇಳೀತಿದೆ. ಒಂದು, ಎರಡು, ಮೂರು, ನಾಲ್ಕು. ಬೆರಳು ಚೀಟಿಯ ಅಂಚಿನಾಚೆ ಗಾಳಿಯಲ್ಲಿ ನಿಲ್ಲುತ್ತೆ. "ರೀ, ಇಲ್ಲಿ ನೋಡಿ. ಪೆನಿಸಿಲಿನ್ ಎಲ್ಲಿ?"

ಐದನೇ ಸಾಲೇ ಇಲ್ಲ. ಹಿರಿಯರ ಮುಖದ ನಗು ಇಳಿಯುತ್ತೆ. ಇನ್ನೊಂದು ಚೀಟಿ, ಮತ್ತೊಂದು. ನಾಲ್ಕೇ ಸಾಲು. ಕಂಪ್ಯೂಟರಿನ ಪರದೆ ಮೇಲೆ ಎಲ್ಲವೂ ಸರಿಯಾಗೇ ಇದೆ, ಕಾಗದದ ಮೇಲೆ ಮಾತ್ರ ಇಲ್ಲ. ಪ್ಯಾಚಮ್ಮ ನೋಟ್‌ಬುಕ್ ತಿರುವಿ ನೋಡ್ತಾರೆ. ಇಲ್ಲಿನ ಪ್ರಿಂಟರು ಹಳೇ ಮಾದರಿ. ಹೊಸ ಪ್ಯಾಚಿನ ಅಕ್ಷರ ಮೊದಲಿಗಿಂತ ಕೂದಲೆಳೆಯಷ್ಟು ಎತ್ತರ, ಹಳೇದರಲ್ಲಿ ಕೊನೇ ಸಾಲು ಚೀಟಿಯಿಂದ ಆಚೆ ಬೀಳ್ತಿದೆ. ಇಂಥ ಪ್ರಿಂಟರು ನೆಲಮಹಡಿಯಲ್ಲಿ ಹತ್ತೊಂಬತ್ತು. ಹತ್ತೊಂಬತ್ತಕ್ಕೂ ಪ್ಯಾಚ್ ಬಿದ್ದಾಗಿದೆ. ಬಾಗಿಲು ತೆಗೆಯೋದು ಎಂಟಕ್ಕೆ.

ಆಮೇಲಿನ ಒಂದೂವರೆ ಗಂಟೆ ಪ್ಯಾಚಮ್ಮನ ಬಾಯಿಂದ ಒಂದೂ ತಮಾಷೆ ಇಲ್ಲ. ಒಂದರಲ್ಲಿ ಪ್ಯಾಚ್ ತೆಗೆಯೋಕೆ ಹಚ್ಚಿ, ಅದು ತಿರುಗ್ತಿರುವಾಗ ಪಕ್ಕದ್ದಕ್ಕೆ ಹೋಗಿ, ವಾಪಸ್ ಬಂದು, ಆರಿಸಿ, ಹೊತ್ತಿಸಿ, ಅಜ್ಜಿಯ ಚೀಟಿ ತೆಗೆದು, ಐದು ಸಾಲು ಎಣಿಸಿ, ಮುಂದಕ್ಕೆ. ಹಿರಿಯರು ಹಿಂದಿಂದೆ ನೋಟ್‌ಬುಕ್ ಹಿಡ್ಕೊಂಡು ಗುರುತು ಹಾಕ್ತಾರೆ. ಏಳೂ ನಲವತ್ತೆಂಟಕ್ಕೆ ಹತ್ತೊಂಬತ್ತನೇ ಚೀಟಿ ಬರುತ್ತೆ. ಐದು ಸಾಲು. ಪ್ಯಾಚಮ್ಮ ಅಲ್ಲೇ ಔಷಧಿ ಪೆಟ್ಟಿಗೆ ಮೇಲೆ ಕೂತುಬಿಡ್ತಾರೆ.

"ಅದು ಗ್ಲೂಕೋಸು, ಒಡೆದೀತು," ಅಂತಾರೆ ಹಿರಿಯರು.

"ಒಡೆದ್ರೆ ಕುಡೀತೀನಿ ಬಿಡಿ!"

ಎಂಟೂವರೆಗೆ ಸಾಹೇಬರು ಬರೋ ದಾರಿಯಲ್ಲೇ ಪ್ಯಾಚಮ್ಮ ನಿಂತಿದಾರೆ. ಕೈಯಲ್ಲಿ ಎರಡು ಚೀಟಿ.

"ಸರ್, ಎರಡೂ ನಮ್ಮ ಅಜ್ಜಿದು. ಏನು ವ್ಯತ್ಯಾಸ ಹೇಳಿ."

ಸಾಹೇಬರು ನೋಡ್ತಾರೆ. ಮೊದಲು ಗೊತ್ತಾಗಲ್ಲ. ಆಮೇಲೆ ಗೊತ್ತಾಗುತ್ತೆ. "ಈ ಪೆನಿಸಿಲಿನ್ ಸಾಲು… ಇದರಲ್ಲಿಲ್ಲ?"

"ಬೆಳಗ್ಗೆ ಆರೂ ಇಪ್ಪತ್ತಕ್ಕೆ ಇರ್ಲಿಲ್ಲ. ಈಗ ಇದೆ."

ಅಷ್ಟರಲ್ಲಿ ಔಷಧಿ ಕೌಂಟರಿನ ಮುಂದೆ ಸಾಲು ಶುರುವಾಗಿದೆ. ಒಬ್ಬ ತಾಯಿ, ಸೊಂಟದ ಮೇಲೆ ಜ್ವರದ ಮಗು. ಪ್ರಿಂಟರು ಕರ್ ಅನ್ನುತ್ತೆ. ಹಿರಿಯರು ಚೀಟಿ ಓದಿ, ಕೈಗೆ ತಗೊಂಡಿದ್ದ ಸೀಸೆಯನ್ನ ವಾಪಸ್ ಇಟ್ಟು, ಗಟ್ಟಿಯಾಗಿ ಕೇಳ್ತಾರೆ: "ಏನಮ್ಮ, ಮಗುಗೆ ಪೆನಿಸಿಲಿನ್ ಆಗಲ್ವಾ?"

"ಇಲ್ಲ ಅಣ್ಣ, ಹೋದ ಸಲ ಮೈಯೆಲ್ಲ ದದ್ದು ಬಂದು ಉಸಿರೇ ಕಟ್ಟಿತ್ತು. ಡಾಕ್ಟ್ರಿಗೆ ಹೇಳೋದೇ ಮರೆತೆ ನೋಡಿ."

"ಹೋದ ಸಲ ಬರೆಸಿದ್ದನ್ನ ಚೀಟಿ ಮರೆತಿಲ್ಲ ಬಿಡಿ. ಒಂದು ನಿಮಿಷ ಇರಿ, ಡಾಕ್ಟ್ರನ್ನ ಕೇಳಿ ಬೇರೆ ಕೊಡ್ತೀನಿ."

ಸಾಹೇಬರು ಮಗುವನ್ನೂ ಚೀಟಿಯನ್ನೂ ನೋಡಿ, ಎರಡು ಚೀಟಿಯನ್ನ ಪ್ಯಾಚಮ್ಮನ ಕೈಗೆ ವಾಪಸ್ ಕೊಟ್ಟು ತಮ್ಮ ಕೋಣೆಗೆ ಹೋಗ್ತಾರೆ. ಹನ್ನೊಂದು ಗಂಟೆಗೆ ಹೊಸ ಆದೇಶ ಬರುತ್ತೆ. ಪ್ಯಾಚ್ ಹಾಕೋ ಕ್ರಮ ಹಿಂದಿನ ಹಾಗೇ ಇರಲಿ. ದಾಖಲೆಯಲ್ಲಿರೋ ಅಜ್ಜಿಯನ್ನ ವರದಿಯಲ್ಲಿ ಎಣಿಸಬಾರದು, ಅಳಿಸಲೂಬಾರದು. ಕೆಳಗೆ ಸಹಿ, ಸೀಲು. ಆ ಕಾಗದ ಈಗ ನೋಟ್‌ಬುಕ್ಕಿನಲ್ಲಿ ಎರಡು ಚೀಟಿಗಳ ಪಕ್ಕದಲ್ಲೇ ಅಂಟಿದೆ.

ಮುಂದಿನ ವರ್ಷ ಪ್ಯಾಚಮ್ಮನ ನಿವೃತ್ತಿ. ಏನು ಆಸೆ ಅಂತ ಕೇಳಿದ್ರೆ ಟೇಬಲ್ಲಿನ ಮೇಲಿನ ಫೋನಿನ ಕಡೆ ಕಣ್ಣು ಹಾಯಿಸ್ತಾರೆ. ಕಂಪ್ಯೂಟರು ಕೆಟ್ಟಿದೆ ಅಂತ ಬೆಳಗ್ಗೆಯಿಂದ ಅದು ಒಂದು ಸಲವೂ ಬಡ್ಕೊಂಡಿಲ್ಲ. "ಇಪ್ಪತ್ತು ವರ್ಷ ಫೋನ್ ಹೊಡೆಯೋದೇ ನನ್ನ ಕೆಲಸ ಆಗಿತ್ತು. ಈಗ ಅದು ಹೊಡೀದೇ ಇರೋ ಹಾಗೆ ನೋಡ್ಕೊಳ್ಳೋದು ಕೆಲಸ. ಇವತ್ತು ಹೊಡೀಲಿಲ್ಲ, ಸಾಕು. ಆಸೆ ಅಂದ್ರೆ… ನನ್ನ ಜಾಗಕ್ಕೆ ಬರೋರು ಯಾರೇ ಆಗ್ಲಿ, ದಿನಾ ಬೆಳಗ್ಗೆ ಅಜ್ಜಿಯನ್ನ ಒಂದು ಸಲ ಮಾತಾಡಿಸ್ಲಿ."

ಅಷ್ಟು ಹೇಳಿ ಕನ್ನಡಕ ಮೇಲಕ್ಕೆ ತಳ್ಳಿ ಎದ್ದೇಳ್ತಾರೆ. ನಾಳೆ ಮೊದಲನೇ ಮಹಡಿ, ಮೂವತ್ತೆಂಟು ಕಂಪ್ಯೂಟರು. ಹಳೇ ಪ್ರಿಂಟರು ಎಷ್ಟಿವೆ ಅಂತ ಇವತ್ತೇ ಎಣಿಸಿ ಇಡಬೇಕು. ಮನೆಗೆ ಹೋದ್ರೆ ಅತ್ತೆ ಕಾಯ್ತಿರ್ತಾರೆ, ಸವತಿಯ ಸಮಾಚಾರ ಕೇಳೋಕೆ. ಇವತ್ತು ಹೇಳೋಕೆ ಪ್ಯಾಚಮ್ಮನ ಹತ್ರ ಉತ್ತರ ಇದೆ: "ಗಟ್ಟಿಯಾಗಿದಾರೆ ಅತ್ತೆ. ಐದೂ ಸಾಲು."