ಕೋಶಕೇಂದ್ರವಿಲ್ಲದ ಕಣ

ಹೋದ ವಾರ ತೀರಿಕೊಂಡ ನನ್ನ ಗೆಳೆಯ ಜೀವಶಾಸ್ತ್ರದ ಮೇಷ್ಟ್ರು. ಜೀವಕೋಶದ ಪಾಠಕ್ಕೆ ಶಾಲೆಯನ್ನೇ ಚಿತ್ರ ಮಾಡಿಕೊಂಡಿದ್ದ. ಯಾರನ್ನು ಒಳಗೆ ಬಿಡಬೇಕೆಂದು ನೋಡುವ ಗೇಟಿನ ಕಾವಲುಗಾರ ಕೋಶಪೊರೆ. ಎಲ್ಲರಿಗೂ ಶಕ್ತಿ ಒದಗಿಸುವ ಅಡುಗೆಯಾಕೆ ಮೈಟೊಕಾಂಡ್ರಿಯ. ಕೋಣೆಯಲ್ಲಿ ಕೂತು ಆಜ್ಞೆ ಹೊರಡಿಸುವ ಹೆಡ್‌ಮಾಸ್ತರರು ಕೋಶಕೇಂದ್ರ. ಇದು ಕಿವಿಗೆ ಬಿದ್ದು ಹೆಡ್‌ಮಾಸ್ತರರು ಉಬ್ಬಿಹೋದರು. ಗೆಳೆಯನ ಕೆಲಸ ಕಾಯಂ ಮಾಡಬೇಕಾದವರೂ ಅವರೇ. ಅದನ್ನು ನಿರ್ಧರಿಸುವ ದಿನ ಅದೇ ಪಾಠ ಕೇಳಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

"ಸರ್, ಕೋಶಕೇಂದ್ರ ಇಲ್ದೆ ಯಾವ ಕೋಶಾನೂ ನಡೆಯೋದೇ ಇಲ್ವಾ?" ಎಂದು ಹುಡುಗಿಯೊಬ್ಬಳು ಕೇಳಿದಳು.

ಹೆಡ್‌ಮಾಸ್ತರರು ಕತ್ತು ನಿಮಿರಿಸಿದರು. ಗೆಳೆಯ ಸುಮ್ಮನೆ "ಇಲ್ಲಮ್ಮ" ಎಂದಿದ್ದರೆ ಕೆಲಸ ಗಟ್ಟಿಯಾಗುತ್ತಿತ್ತು.

"ನಡೆಯುತ್ತಮ್ಮ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರಾನ ಆಚೆ ತಳ್ಳಿಬಿಡುತ್ತೆ. ಆಮ್ಲಜನಕ ಹೊರೋಕೆ ಜಾಗ ಬೇಕಲ್ಲ!"

"ಆಮೇಲೆ ನಾಲ್ಕೇ ತಿಂಗಳಿಗೆ ಸಾಯುತ್ತೆ, ಅದನ್ನೂ ಹೇಳ್ರೀ ಮೇಷ್ಟ್ರೇ!" ಎಂದರು ಹೆಡ್‌ಮಾಸ್ತರರು.

"ಹೌದು ಸರ್. ಅಲ್ಲಿವರೆಗೂ ದುಡಿಯುತ್ತೆ."

ಗೆಳೆಯ ಹಂಗಾಮಿ ಮೇಷ್ಟ್ರಾಗಿಯೇ ಸತ್ತ. ಸಂತಾಪ ಸಭೆಯಲ್ಲಿ ಹೆಡ್‌ಮಾಸ್ತರರು ಈ ಶಾಲೆಗೆ ತಾವೆಷ್ಟು ಮುಖ್ಯವೆಂದು ಅರ್ಧ ಗಂಟೆ ಮಾತಾಡಿದರು. ಅಷ್ಟರಲ್ಲಿ ಕಾವಲುಗಾರ ಗೇಟು ತೆರೆದಿದ್ದ, ಅಡುಗೆಯಾಕೆ ಒಲೆ ಹಚ್ಚಿದ್ದಳು, ಆ ಹುಡುಗಿ ಚಿಕ್ಕವರನ್ನು ಕೂರಿಸಿಕೊಂಡು ಬೋರ್ಡಿನ ಮೇಲೆ ರಕ್ತಕಣ ಬರೆಯುತ್ತಿದ್ದಳು. ನಾನು ಪಕ್ಕಕ್ಕೆ ತಿರುಗಿ ನಕ್ಕೆ. ಜೊತೆಗೆ ನಗಲು ಅವನಿರಲಿಲ್ಲ.