ಬೇಲಿ ದಾಟಿ ಬಂದ ಹಾಲ್ ಟಿಕೆಟ್

ತುಮಕೂರಿನ ಮರಳೂರು ಬಡಾವಣೆಯ ನಮ್ಮ ಮನೆಯಲ್ಲಿ ಮಗಳು ಮುಟ್ಟಾದ ದಿನವೂ ಒಲೆ ಮುಂದೆ ನಿಂತು ದೋಸೆ ಹುಯ್ದುಕೊಳ್ಳುತ್ತಾಳೆ. ಆಗೆಲ್ಲ ನನ್ನ ಅಜ್ಜಿ ನೆನಪಾಗುತ್ತಾಳೆ.

ಚೇಳೂರಿನ ಹತ್ತಿರದ ಕಾಡುಗೊಲ್ಲರ ಹಟ್ಟಿ ನಮ್ಮದು. ಸುತ್ತ ಮುಳ್ಳುಬೇಲಿ, ಒಳಗೆ ದೇವರು. ಮುಟ್ಟಾದವರು ಮೂರು ದಿನ ಬೇಲಿಯಾಚೆಯ ಗುಡಿಸಿಲಲ್ಲಿರಬೇಕು. ಅವರನ್ನು ಮುಟ್ಟಿದವರು ಮೈಮೇಲೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಈ ಕಟ್ಟಳೆಯಲ್ಲಿ ಅಜ್ಜಿಯಷ್ಟು ಬಿಗಿ ಹಟ್ಟಿಯಲ್ಲಿ ಇನ್ನೊಬ್ಬರಿರಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ, ಸ್ಕೂಲಿನಿಂದ ಬರುವ ದಾರಿಯಲ್ಲೇ ಮುಟ್ಟಾಗಿ, ನೇರ ಗುಡಿಸಿಲಿಗೆ ಹೋದೆ. ಪುಸ್ತಕದ ಚೀಲವೇನೋ ಜೊತೆಗಿತ್ತು. ಹಾಲ್ ಟಿಕೆಟ್ ಮನೆಯ ಟ್ರಂಕಿನಲ್ಲಿ. ಅಪ್ಪ, ಅವ್ವ ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಬೆಳಿಗ್ಗೆ, ಪರೀಕ್ಷೆಗೆ ಹೋಗುವ ಗುಬ್ಬಿ ಬಸ್ಸಿನ ಹೊತ್ತಿಗೆ ಅದು ನೆನಪಾಗಿ ಅಜ್ಜಿಯನ್ನು ಕೂಗಿದೆ.

“ಎಂಗೈತೆ ಅದು?”

“ಸೀಲ್ ಹೊಡ್ದಿರೋ ಕಾಗ್ದ ಅಜ್ಜಿ.”

ಅಜ್ಜಿಗೆ ಓದು ಬಾರದು. ಟ್ರಂಕಿನ ಕಾಗದಗಳಿಗೆಲ್ಲ ಸೀಲಿತ್ತು. ಸೆರಗಿನ ತುಂಬ ತಂದು, ಬೇಲಿಯ ಒಳಗೇ ನಿಂತು, ಒಂದೊಂದನ್ನೇ ಎತ್ತಿ ಹಿಡಿದಳು. ನಾನು ದೂರದಿಂದಲೇ ಓದಬೇಕು.

“ಇದಾ?”

“ರೇಷನ್ ಕಾರ್ಡು.”

“ಇದು?”

“ಕುರಿ ಇಂಜೆಕ್ಷನ್ ಚೀಟಿ ಅಜ್ಜಿ!”

“ಏನ್ ಕಣೇ, ಕುರಿಗೂ ನಿಂಗೂ ಒಂದೇ ಸೀಲಾ?”

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನನಗೆ ಅಳು ಬಂತು. ಅಜ್ಜಿ ರಸ್ತೆ ಕಡೆ ಒಮ್ಮೆ, ಕಾಗದಗಳ ಕಡೆ ಒಮ್ಮೆ ನೋಡಿದಳು. ಸರಸರ ಬೇಲಿ ದಾಟಿ ಬಂದು ಅಷ್ಟನ್ನೂ ನನ್ನ ಕೈಗೆ ತುರುಕಿ, “ಬ್ಯಾಗ ಬ್ಯಾಗ ಹುಡುಕ್ಕ ಮಗಾ” ಅಂದಳು. ಕೈಗೆ ಕೈ ತಾಗಿತು.

ಎದುರು ಮನೆಯ ಮುದುಕ ಜಗುಲಿಯಿಂದಲೇ ಕೂಗಿದ: “ಮುಟ್ಕಂಡಾ ಅಕ್ಕಯ್ಯಾ?”

“ಮುಟ್ಕಂಡೆ ಕಣಪ್ಪಾ. ನೀರ್ ಉಯ್ಕಂಡ್ರೆ ಆಯ್ತದೆ ಬುಡು. ಬಸ್ ಹೋದ್ರೆ ನೀನೇನು ಗುಬ್ಬಿಗೆ ಹೊತ್ಕಂಡೋಯ್ತೀಯಾ ಇವ್ಳ್ನ?”

ಟಿಕೆಟ್ ಸಿಕ್ಕಿತು. ಉಳಿದ ಕಾಗದಗಳನ್ನು ಅಲ್ಲೇ ಇಟ್ಟು, ಓಡಿ ಬಸ್ಸು ಹತ್ತಿ ಕಿಟಕಿಯಿಂದ ನೋಡಿದರೆ, ಅಜ್ಜಿ ಉಟ್ಟ ಸೀರೆಯಲ್ಲೇ ತೊಟ್ಟಿಯ ಪಕ್ಕ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದಳು.

ಕಟ್ಟಳೆ ಬಿಟ್ಟವಳಲ್ಲ ನಮ್ಮಜ್ಜಿ, ಸಾಯುವವರೆಗೂ ಬಿಡಲಿಲ್ಲ. ಅದರ ಭಾರವನ್ನು ಆ ಬೆಳಿಗ್ಗೆ ತನ್ನ ಮೈಮೇಲೆ ಹಾಕಿಕೊಂಡು ನನ್ನನ್ನು ಕಳಿಸಿದಳು, ಅಷ್ಟೆ. ಇವತ್ತು ತುಮಕೂರಿನಲ್ಲಿ ನನ್ನದೂ ಅಂತ ಒಂದು ಕೆಲಸವಿದ್ದರೆ ಅದು ಆ ಒದ್ದೆ ಸೀರೆಯ ಋಣ.

ಸಂಜೆ ನಾನು ಮತ್ತೆ ಗುಡಿಸಿಲಿಗೇ ಬಂದೆ. ನಾನು ಮುಟ್ಟಿದ್ದಕ್ಕೆ ಅಜ್ಜಿ ನೀರು ಚಿಮುಕಿಸಿದ ಕಾಗದಗಳು ಬಂಡೆಯ ಮೇಲೆ, ಕಲ್ಲು ಹೇರಿಕೊಂಡು ಒಣಗುತ್ತಿದ್ದವು. ರೇಷನ್ ಕಾರ್ಡಿನ ಇಂಕು ಕದಡಿತ್ತು. ಅಜ್ಜಿ ಎಂದಿನಂತೆ, ತಾಗದ ಹಾಗೆ, ಎತ್ತರದಿಂದ ನನ್ನ ತಟ್ಟೆಗೆ ಸಾರು ಬಿಟ್ಟಳು.

“ಬರ್ದಾ?”

“ಬರ್ದೆ.”

“ಎಲ್ಲಾನೂವಾ?”

“ಎಲ್ಲಾನೂ ಅಜ್ಜಿ.”

“ಹಂಗಾರೆ ಇನ್ನೊಂದ್ ಮುದ್ದೆ ತಿನ್ನು. ನಾಳಿಕ್ಕೂ ಪರೀಕ್ಸೆ ಐತಲ್ಲ.”